ಹುರುಳಿಕಾಳಿನ ಗಂಟು

ನೆನೆದ ಹುರುಳಿಕಾಳನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದರೆ ಮಾರನೆಯ ದಿನಕ್ಕೆ ಒಂದು ವಾಸನೆ ಬರುತ್ತದೆ. ಹಸಿ ಮಣ್ಣಿನದೂ ಅಲ್ಲ, ಹುಳಿಯದೂ ಅಲ್ಲ… ಮೊಳಕೆ ಬರುವ ವಾಸನೆ, ಅಷ್ಟೆ. ನಮ್ಮ ಯಜಮಾನರ ಹನ್ನೊಂದನೆಯ ದಿನದ ತಿಥಿಯಂದು ಬೆಳಿಗ್ಗೆ ಆ ವಾಸನೆ ಅಡುಗೆಮನೆಯಿಂದ ನಡುಮನೆಗೆ ಬಂತು. ಗಂಡಸಿ ಊರಿನಿಂದ ಬಂದಿದ್ದ ನಾದಿನಿ, ತಿಥಿ ಮುಗಿದ ಮೇಲೆ ಮನೆಯವರಿಗೆ ಒಂದು ಸಾರಾಗಲಿ ಎಂದು, ನನ್ನನ್ನು ಕೇಳದೆಯೇ ಕಾಳು ಕಟ್ಟಿದ್ದಳು. ನಾನು ಚಾಪೆಯ ಮೇಲೆ ಕೂತು ಬಾಗಿಲ ಬಳಿಯ ಚಪ್ಪಲಿಗಳನ್ನು ನೋಡುತ್ತಿದ್ದೆ. ಅವರು ಹೋದಾಗಿನಿಂದ ನನಗೆ ಅದೇ ಕೆಲಸ. ಯಾರ ಚಪ್ಪಲಿ ಯಾವುದು ಎಂದು ಕಣ್ಣು ಮುಚ್ಚಿಕೊಂಡು ಹೇಳುವಷ್ಟಾಗಿತ್ತು, ಅಳು ಮಾತ್ರ ಬಂದಿರಲಿಲ್ಲ. ಆ ವಾಸನೆ ಬಂದಾಗಲೂ ಗಂಡನ ನೆನಪಾಗಲಿಲ್ಲ ನೋಡಿ. ಪಕ್ಕದ ಮನೆಯ ಮೇಷ್ಟ್ರು ನೆನಪಾದರು.

ತೊಂಬತ್ತರ ದಶಕದ ನಡುವಿನ ಮಾತು. ಬೇಲೂರಿನ ನಮ್ಮ ಮನೆಯ ಮುಂದಿನ ಕೋಣೆಯೇ ಆಗ ಎಸ್‌ಟಿಡಿ ಬೂತು. ಯಜಮಾನರು ಬೆಳಿಗ್ಗೆ ಆಫೀಸಿಗೆ ಹೋದರೆ ಸಂಜೆಯವರೆಗೆ ಅದರ ಯಜಮಾನಿಕೆ ನನ್ನದು. ಊರಿನ ಅರ್ಧ ಗುಟ್ಟು ಆ ಗಾಜಿನ ಡಬ್ಬದಿಂದ ನನ್ನ ಕಿವಿಗೆ ಬೀಳುತ್ತಿತ್ತು. ಪಕ್ಕದ ಮನೆಯವರು ನಿವೃತ್ತ ಮೇಷ್ಟ್ರು. ಹಳೇಬೀಡಿನ ಹೈಸ್ಕೂಲಿನಲ್ಲಿ ನನಗೇ ವಿಜ್ಞಾನ ಕಲಿಸಿದ್ದವರು. ನಾನು ಮದುವೆಯಾಗಿ ಬಂದು ಅವರ ಪಕ್ಕದ ಮನೆಯವಳಾದರೂ ಅವರ ಮುಂದೆ ಕುರ್ಚಿಯ ಮೇಲೆ ಕೂರಲು ನನಗೆ ವರ್ಷಗಳೇ ಬೇಕಾದವು. ಅವರಿಗೆ ಪಂಚಾಂಗವೆಂದರೆ ಆಗುತ್ತಿರಲಿಲ್ಲ. "ನಕ್ಷತ್ರ ಅಂದ್ರೆ ಬೆಂಕಿ ಉಂಡೆ ಕಣ್ರಪ್ಪ, ಅದಕ್ಕೆ ನಿಮ್ಮನೆ ಅಡ್ರೆಸ್ ಗೊತ್ತಿಲ್ಲ" ಎಂದು ತರಗತಿಯಲ್ಲಿ ಹೇಳಿ ಎಷ್ಟೋ ಮನೆಗಳಿಂದ ಬೈಸಿಕೊಂಡಿದ್ದರು.

ಅವರಿಗೆ ಮಕ್ಕಳಿರಲಿಲ್ಲ. ಮೇಷ್ಟ್ರ ಹೆಂಡತಿ ಮಾತಿನ ಮಲ್ಲಿ. ಕಾಂಪೌಂಡಿನ ಮೇಲಿಂದ ಸಾರಿನ ಬಟ್ಟಲು ದಾಟಿಸುತ್ತಾ ಅರ್ಧ ಗಂಟೆ ಮಾತಾಡುವವರು. ಸಾರು ಆರಿ ಹೋಗುತ್ತಿತ್ತು, ಮಾತು ಆರುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಚ್ಚಲೊಲೆಗೆ ಉರಿ ಹಾಕಲು ಹೋದವರು ಅಲ್ಲೇ ಕುಸಿದು ಬಿದ್ದರು. ಡಾಕ್ಟರು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ನಮ್ಮ ಕಡೆ ಸಾವಾದ ಮನೆಗೆ ಜೋಯಿಸರನ್ನು ಕರೆಸಿ ಹೊತ್ತು ಕೇಳುತ್ತಾರೆ. ಕೆಲವು ನಕ್ಷತ್ರಗಳಲ್ಲಿ ಜೀವ ಹೋದರೆ ಆ ಮನೆಯಲ್ಲಿ ಇನ್ನೊಂದು ಸಾವಾಗುತ್ತದೆ ಎಂಬ ಭಯ. ಅದಕ್ಕೆ ಅಂದೇ ಮನೆ ಬಿಟ್ಟು, ಬೀಗ ಹಾಕಿ, ಬಾಗಿಲಿಗೆ ಜಾಲಿಮುಳ್ಳು ಕಟ್ಟಿ, ಮೂರು ತಿಂಗಳೋ ಆರು ತಿಂಗಳೋ ಬೇರೆ ಕಡೆ ಇರಬೇಕು. ಅವತ್ತು ಜೋಯಿಸರನ್ನು ಕರೆಸಿದ್ದು ಬೀದಿಯವರು. ಮೇಷ್ಟ್ರು ಬೈದು ಕಳಿಸುತ್ತಾರೆಂದೇ ಎಲ್ಲರೂ ಅಂದುಕೊಂಡಿದ್ದೆವು. ಅವರು ಬೈಯಲಿಲ್ಲ. ಜೋಯಿಸರ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿಂದ ಬಂದ ಜೋಯಿಸರ ಮುಖ ಬೆವೆತಿತ್ತು.

"ನಕ್ಷತ್ರ ಸರಿಯಾಗಿಲ್ಲ," ಎಂದರು. "ಆರು ತಿಂಗಳು ಮನೆ ಬಿಡಬೇಕು."

ಬೀದಿಗೆ ಸಾವಿನ ದುಃಖದ ನಡುವೆಯೂ ಒಂದು ಸಣ್ಣ ಸಂತೋಷವಾಯಿತೆಂದು ಹೇಳಿದರೆ ತಪ್ಪಾಗದು. "ನೋಡ್ದಾ, ಬುಡಕ್ಕೆ ಬಂದಾಗ ಮೇಷ್ಟ್ರಿಗೂ ಪಂಚಾಂಗ ಬೇಕಾತು" ಎಂದು ಮೂಲೆ ಮನೆಯವನು ನಮ್ಮ ಬೂತಿನ ಮುಂದೆಯೇ ನಿಂತು ಹೇಳಿದ. ಮೇಷ್ಟ್ರಿಗೆ ಕೇಳಿಸಿತು. ಅವರು ತಾವೇ ಬೀಗ ಹಾಕಿ, ತಾವೇ ಮುಳ್ಳು ಕಟ್ಟಿ, ಬೀಗದ ಕೈಯನ್ನು ನನಗೆ ಕೊಟ್ಟರು. ಯಗಚಿ ಹೊಳೆಯ ದಡದಲ್ಲಿ ಕರ್ಮಗಳೆಲ್ಲ ಮುಗಿದವು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿದ್ದವರು ಮಾರನೆಯ ದಿನವೇ ಒಂದು ಚೀಲ ಹಿಡಿದು ಅರಸೀಕೆರೆ ಬಸ್ಸು ಹತ್ತಿದರು.

"ಎಲ್ಲಿಗೆ ಮೇಷ್ಟ್ರೇ?" ಎಂದು ನಮ್ಮ ಯಜಮಾನರು ಕೇಳಿದರು.

"ಸ್ಟೇಷನ್ನಿಗೆ ಮೊದಲು ಯಾವುದು ಬರುತ್ತೋ ಅದಕ್ಕೆ," ಎಂದರು.

ಆಮೇಲೆ ಅವರ ಫೋನುಗಳು ಶುರುವಾದವು. ಹುಬ್ಬಳ್ಳಿ, ಮುಂಬಯಿ, ದೆಹಲಿ, ಜಮ್ಮು… ಒಂದು ಸಲ ಗುವಾಹಾಟಿ ಎಂದರು, ನಾನು ಶಾಲೆಯ ಗೋಡೆಯ ಮೇಲಿದ್ದ ಭೂಪಟವನ್ನು ನೆನೆದು ಅದು ಎಲ್ಲಿ ಬರುತ್ತದೆಂದು ಹುಡುಕಿದೆ. ಊರಿನ ಹೆಸರು ಹೇಳಿದ ಮೇಲೆ ಅವರು ಕೇಳುತ್ತಿದ್ದದ್ದು ಒಂದೇ ಮಾತು.

"ಮನೆ ಹೇಗಿದೆಯಮ್ಮ?"

"ಮುಚ್ಚಿದೆ ಮೇಷ್ಟ್ರೇ."

"ಸರಿ," ಎಂದು ಇಟ್ಟುಬಿಡುತ್ತಿದ್ದರು. ಹಿಂದೆ ರೈಲಿನ ಘೋಷಣೆ ಯಾವುದೋ ಭಾಷೆಯಲ್ಲಿ ಕೂಗುತ್ತಿರುತ್ತಿತ್ತು.

ನಡುನಡುವೆ ಬೇಲೂರಿಗೂ ಬರುತ್ತಿದ್ದರು. ಹಿಂದಿನ ಓಣಿಯಿಂದ ನಮ್ಮ ಹಿತ್ತಲಿಗೆ ಬಂದು, ಬಟ್ಟೆ ಒಗೆದು ಒಣಹಾಕಿ, ಊಟ ಮಾಡಿ, ಅರೆ ಒಣಗಿದ ಬಟ್ಟೆಯನ್ನೇ ಮಡಚಿಕೊಂಡು ಹೊರಡುವವರು. ತಮ್ಮ ಮನೆಯ ಕಡೆ ತಲೆ ತಿರುಗಿಸುತ್ತಿರಲಿಲ್ಲ. ಒಂದು ಸಲ ಕಾಶಿಗೆ ಹೋಗಿ ಬಂದಿದ್ದಾರೆಂದು ಗೊತ್ತಾಗಿ ಬೀದಿಯ ಹೆಂಗಸರು ಕಾಲಿಗೆ ಬೀಳಲು ಬಂದರು. ಗಂಗೆಯಲ್ಲಿ ಎಷ್ಟು ಮುಳುಗು ಹಾಕಿದಿರಿ ಎಂದು ಒಬ್ಬಾಕೆ ಕೇಳಿದಳು.

"ಸ್ಟೇಷನ್ನಿಂದ ಆಚೆಗೇ ಹೋಗಲಿಲ್ಲ. ಟೀ ಕುಡಿದೆ, ವಾಪಸ್ ಬರೋ ಗಾಡಿ ನಿಂತಿತ್ತು, ಹತ್ತಿದೆ."

ಆಕೆಗೆ ಸಿಟ್ಟೇ ಬಂತು. "ಅಷ್ಟು ದೂರ ಹೋಗಿ ಒಂದ್ ತೊಟ್ಟು ಗಂಗೆನೂ ತರ್ನಿಲ್ವಲ್ಲ! ಅದ್ರ ಬದ್ಲು ಇಲ್ಲೇ ಮಾಲೇಕಲ್ಲು ತಿರುಪತಿ ಬೆಟ್ಟ ಹತ್ತಿ ಬಂದಿದ್ರೆ ಪುಣ್ಯನಾದ್ರೂ ಬತ್ತಿತ್ತು" ಎಂದು ಗೊಣಗುತ್ತಾ ಹೋದಳು.

ನನಗೂ ಅರ್ಥವಾಗಿರಲಿಲ್ಲ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ, ತಟ್ಟೆಗೆ ಮುದ್ದೆ ಇಡುತ್ತಾ ಕೇಳಿಯೇಬಿಟ್ಟೆ. ಏನೂ ನೋಡದಿದ್ದರೆ ಯಾಕೆ ಮೇಷ್ಟ್ರೇ ಈ ಓಡಾಟ, ಸೊಂಟ ಮುರಿದುಕೊಳ್ಳಲಿಕ್ಕಾ ಎಂದೆ. ಅವರು ಮುದ್ದೆ ಮುರಿದು ಸಾರಿಗೆ ಅದ್ದಿದರು.

"ರೈಲಲ್ಲಿ ಸುಮ್ನೆ ಕೂತಿದ್ರೂ ಎಲ್ಲಿಗೋ ಹೋಗ್ತಿದಾನೆ ಅಂತಾರೆ ಕಣಮ್ಮ. ಮನೇಲಿ ಸುಮ್ನೆ ಕೂತ್ರೆ, ಪಾಪ, ಕೂತ್ಬಿಟ್ಟ ಅಂತಾರೆ."

ಆರು ತಿಂಗಳು ತುಂಬಿತು. ಮುಳ್ಳು ತೆಗೆದು, ಶಾಂತಿ ಮಾಡಿಸಿ, ಬಾಗಿಲು ತೆರೆಯಬೇಕು. ಮೇಷ್ಟ್ರು ಬರಲಿಲ್ಲ. ಇನ್ನೊಂದು ತಿಂಗಳು ಹೋಯಿತು. ಮಳೆಗಾಲ ಬಂದು ಅವರ ಮನೆಯ ಹೆಂಚು ಜರುಗಿತು. ಬೀದಿಯವರು ನನ್ನನ್ನು ಕೇಳುತ್ತಾರೆ, ನಾನು ಯಾರನ್ನು ಕೇಳಲಿ? ಈ ಮನುಷ್ಯ ಒಂದು ದಿನ ಯಾವುದೋ ಊರಿನ ಬೆಂಚಿನ ಮೇಲೆ ಕೂತವರು ಏಳುವುದೇ ಇಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ ಎಂದು ನನಗೆ ನಿಜವಾಗಿ ಹೆದರಿಕೆ ಹತ್ತಿಕೊಂಡಿತು. ರಾಮೇಶ್ವರದಿಂದ ಫೋನು ಬಂದಾಗ ತಡೆದುಕೊಳ್ಳಲಿಲ್ಲ.

"ಮನೆ ಹೇಗಿದೆಯಮ್ಮ?"

"ಸೋರ್ತಾ ಇದೆ. ನೀವು ಬಂದು ಬಾಗಿಲು ತೆಗೀರಿ ಮೇಷ್ಟ್ರೇ. ಆ ನಕ್ಷತ್ರಕ್ಕೂ ಒಂದು ಲೆಕ್ಕ ಬೇಡ್ವಾ?"

ಆ ಕಡೆ ರೈಲಿನ ಘೋಷಣೆ ಕೂಗಿ ಮುಗಿಯಿತು. ಅಲ್ಲಿನ ಬೂತಿನ ಮೀಟರಿನಲ್ಲಿ ಕೆಂಪು ಅಂಕಿಗಳು ಓಡುತ್ತಿರುತ್ತವೆ ಎಂದು ನೆನಪಿಸೋಣವೆನಿಸಿತು.

"ನಕ್ಷತ್ರ ಒಳ್ಳೇದೇ ಇತ್ತಮ್ಮ," ಎಂದರು. "ಜೋಯಿಸರಿಗೆ ನಾನೇ ಕೇಳಿಕೊಂಡೆ, ಕೆಟ್ಟದು ಅಂತ ಹೇಳಿ ಅಂತ. ಅವರು, 'ನನ್ನ ಜನ್ಮದಲ್ಲಿ ಎಲ್ಲರೂ ಕೆಟ್ಟದ್ದನ್ನ ಒಳ್ಳೇದು ಮಾಡಿ ಅಂದಿದಾರೆ ಮೇಷ್ಟ್ರೇ, ಹೀಗೆ ಕೇಳಿದೋರು ನೀವೊಬ್ಬರೇ' ಅಂದ್ರು. ಒಳಗೆ ಹೋಗೋಕೆ ನನ್ನ ಕೈಲಿ ಆಗ್ತಿರಲಿಲ್ಲ. ಆಗಲ್ಲ ಅಂದಿದ್ರೆ ಎಲ್ಲರೂ ಬಂದು ಧೈರ್ಯ ಹೇಳೋರು. ನಕ್ಷತ್ರದ ಮುಂದೆ ಯಾರೂ ಧೈರ್ಯ ಹೇಳಲ್ಲ ನೋಡು."

ತಲೆಯ ಮೇಲೆ ಅಷ್ಟು ದೊಡ್ಡ ಅವಮಾನ ಹೊತ್ತುಕೊಂಡು ಅವರು ಕೊಂಡದ್ದು ಒಂದು ಬೀಗ, ಅಷ್ಟೆ. ಆದರೂ ಮೇಷ್ಟ್ರಿಗೇ ಜೋರು ಮಾಡಿದೆ. ಸೋಮವಾರ ನಾನೇ ಬಾಗಿಲು ತೆಗೆಯುತ್ತೇನೆ, ನೀವು ಬಂದರೂ ಸರಿ, ಬಿಟ್ಟರೂ ಸರಿ ಎಂದೆ.

ಬಂದರು. ಜೋಯಿಸರು ಇಲ್ಲದ ದೋಷಕ್ಕೆ ಇರುವ ಮಂತ್ರವನ್ನೆಲ್ಲ ಹೇಳಿ ಶಾಂತಿ ಮಾಡಿದರು. ನಾನು ಬೀಗ ತೆಗೆದೆ. ಒಳಗೆ ಬೂಷ್ಟಿನ ವಾಸನೆ. ಮೇಷ್ಟ್ರು ನೇರ ಅಡುಗೆಮನೆಗೆ ಹೋಗಿ ನಿಂತುಬಿಟ್ಟರು. ಗೋಡೆಯ ಮೊಳೆಗೆ ಒಂದು ಬಟ್ಟೆಯ ಗಂಟು ನೇತಾಡುತ್ತಿತ್ತು. ಆಕೆ ಹೋಗುವ ಹಿಂದಿನ ಸಂಜೆ ಮೊಳಕೆಗೆಂದು ಕಟ್ಟಿದ ಹುರುಳಿಕಾಳು. ಮನೆ ಅಂದೇ ಮುಚ್ಚಿತಲ್ಲ, ಯಾರೂ ನೋಡಿರಲಿಲ್ಲ. ಗಂಟು ಬಿಚ್ಚಿದರೆ ಕಾಳೆಲ್ಲ ಮೊಳಕೆಯೊಡೆದು, ಮೊಳಕೆ ಉದ್ದವಾಗಿ ಬೆಳೆದು, ಒಂದಕ್ಕೊಂದು ಹೆಣೆದುಕೊಂಡು, ಹಾಗೇ ಒಣಗಿ ಹೋಗಿತ್ತು.

"ಕತ್ತಲಲ್ಲೇ ಬೆಳೆದಿದೆ," ಎಂದರು. ಆಮೇಲೆ, "ಇಷ್ಟೊಂದು ಊರು ಸುತ್ತಿದೆನಲ್ಲಮ್ಮ, ಎಲ್ಲೂ ಇದು ನೆನಪಾಗಲಿಲ್ಲ. ಗಂಟು ಬಿಚ್ಚಿಟ್ಟು ಹೋಗಬೇಕಿತ್ತು."

ಅತ್ತಿದ್ದು ಆಗಲೇ. ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಪೊರಕೆ ಕೇಳಿ ಇಸಿದುಕೊಂಡು ಮನೆಯನ್ನೆಲ್ಲ ತಾವೇ ಗುಡಿಸಿದರು. ಮತ್ತೆ ರೈಲು ಹತ್ತಲಿಲ್ಲ. ಕೆಲವು ವರ್ಷ ಅದೇ ಮನೆಯಲ್ಲಿದ್ದು, ಒಂದು ಚಳಿಗಾಲದಲ್ಲಿ ಹೋದರು. ಅವರ ನಕ್ಷತ್ರ ಕೇಳಲು ಯಾರೂ ಇರಲಿಲ್ಲ. ಮನೆ ತಾನಾಗಿಯೇ ಮುಚ್ಚಿತು. ಆಮೇಲೆ ಎಲ್ಲರ ಕೈಗೂ ಮೊಬೈಲು ಬಂದು ನಮ್ಮ ಬೂತೂ ಮುಚ್ಚಿತು.

ನಮ್ಮ ಯಜಮಾನರು ಹೋದ ದಿನ ಬಂದವನು ಆ ಜೋಯಿಸರ ಮಗ. "ಒಳ್ಳೇ ನಕ್ಷತ್ರ ಕಣಮ್ಮ, ಪುಣ್ಯವಂತರು. ಮನೆ ಬಿಡೋ ಮಾತೇ ಇಲ್ಲ" ಎಂದ. ಇನ್ನೊಂದು ಸಲ ಸರಿಯಾಗಿ ನೋಡಿ ಎಂದೆ. ಪಾಪ, ಹೆದರಿದ್ದಾಳೆ ಎಂದು ಎಲ್ಲರೂ ನನ್ನ ಬೆನ್ನು ಸವರಿದರು. ನಾನು ಕಾಯುತ್ತಿದ್ದದ್ದು ಬೇರೆಯದಕ್ಕೆ ಎಂದು ಯಾರಿಗೆ ಗೊತ್ತು? ಬಾಗಿಲು ತೆರೆದೇ ಇತ್ತು. ಜನ ಬರುತ್ತಲೇ ಇದ್ದರು, ಧೈರ್ಯ ಹೇಳುತ್ತಲೇ ಇದ್ದರು. ನನಗೆ ಯಾವುದೂ ತಾಗುತ್ತಿರಲಿಲ್ಲ, ಹಸಿವೂ ಸೇರಿ.

ತಿಥಿಯ ದಿನ ಆ ಹುರುಳಿಯ ವಾಸನೆ ಬಂತಲ್ಲ, ಎದ್ದು ಹೋಗಿ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ ಜೋಯಿಸರ ಮಗನನ್ನು ಹಿಡಿದೆ.

"ಸ್ವಲ್ಪ ಕೆಟ್ಟದು ಮಾಡ್ಕೊಡಕ್ಕಾಗುತ್ತಾ ಸ್ವಾಮಿ?"

ಅವನು ನಲ್ಲಿ ನಿಲ್ಲಿಸಿದ. "ನಮ್ಮಪ್ಪನ್ನೂ ಒಬ್ರು ಹಿಂಗೇ ಕೇಳಿದ್ರಂತೆ. ಸಾಯೋವರ್ಗೂ ಹೇಳ್ತಿದ್ರು."

"ಪಕ್ಕದ ಮನೆಯವರೇ," ಎಂದೆ.

"ಆರು ತಿಂಗಳಾ? ಮೂರು ಸಾಕಾ?" ಬಟ್ಟೆ ಅಂಗಡಿಯಲ್ಲಿ ಕೇಳಿದ ಹಾಗಿತ್ತು.

"ಮೂರು ಸಾಕು. ಆಮೇಲೆ ನೀವೇ ಬಂದು ಬಾಗಿಲು ತೆಗೆಸಬೇಕು, ನಾನು ಬೇಡ ಅಂದ್ರೂ."

ನಡುಮನೆಯಲ್ಲಿ ಅವನು ಪಂಚಾಂಗ ತಿರುವಿ, ಅವತ್ತು ಗಡಿಬಿಡಿಯಲ್ಲಿ ತಪ್ಪು ನೋಡಿದ್ದೆ ಎಂದು ಹೇಳಿದ್ದೇ ತಡ, ನಾದಿನಿ ಎದೆ ಬಡಿದುಕೊಂಡಳು. "ಅಯ್ಯಯ್ಯೋ, ಇಷ್ಟು ದಿನ ಇಲ್ಲೇ ಉಂಡು ಮಲಗಿದ್ವಲ್ಲ! ನಡೀ ಅತ್ತಿಗೆ, ನಮ್ಮೂರಿಗೆ ಹೋಗಣ." ಮೊದಲು ರೈಲಿನಲ್ಲಿ ಒಂದು ಸಲ ಹೋಗಿಬರುತ್ತೇನೆ ಎಂದೆ. ಹೊತ್ತು ಮುಳುಗುವುದರೊಳಗೆ ಮನೆ ಖಾಲಿ. ಬೀಗ ಹಾಕಿದವಳು ಮತ್ತೆ ತೆಗೆದು ಒಳಗೆ ಹೋದೆ. "ಮತ್ಯಾಕ್ ಒಳಕ್ ಹೋಯ್ತಿಯೇ!" ಎಂದು ನಾದಿನಿ ಹೊರಗಿನಿಂದ ಕೂಗಿದಳು. ಮೊಳೆಯಿಂದ ಹುರುಳಿಯ ಗಂಟನ್ನು ತೆಗೆದು ತಂದೆ.

ರಾತ್ರಿ ಗಂಡಸಿಯಲ್ಲಿ ಮಲಗಿದ್ದು, ಮಾರನೆಯ ಬೆಳಿಗ್ಗೆ ಅರಸೀಕೆರೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೆ. ಮಡಿಲಲ್ಲಿ ಗಂಟು. ಮೇಷ್ಟ್ರು ಯಾವ ಊರಿನಿಂದಾದರೂ ಮನೆ ಹೇಗಿದೆ ಎಂದು ಕೇಳುತ್ತಿದ್ದರು, ಮುಚ್ಚಿದೆ ಎಂದು ಹೇಳಲು ನಾನಿದ್ದೆ. ನನ್ನ ಚೀಲದಲ್ಲಿ ಮೊಬೈಲು ಇದೆ, ಪಕ್ಕದ ಮನೆಯಲ್ಲಿ ಯಾರಿದ್ದಾರೆ… ಗಂಟು ಬಿಚ್ಚಿದೆ. ಬಿಳಿ ಮೊಳಕೆ ಬಟ್ಟೆಯನ್ನು ತೂರಿ ಹೊರಗೆ ಬಂದಿತ್ತು. ನಮ್ಮ ಯಜಮಾನರು ಹೋದ ಮೇಲೆ ಮೊದಲ ಸಲ ನನಗೆ ಹಸಿವಾಯಿತು. ಹಸಿಯನ್ನೇ ಒಂದೊಂದು ಹಿಡಿ ಬಾಯಿಗೆ ಹಾಕಿಕೊಂಡೆ. ಅರ್ಧ ತಿಂದು, ಉಳಿದರ್ಧವನ್ನು ಮತ್ತೆ ಗಂಟು ಕಟ್ಟಿ ಪಕ್ಕದಲ್ಲಿಟ್ಟೆ.

ರೈಲು ಬರುವುದು ಕಾಣಿಸಿದಾಗ ಆ ಗಂಟನ್ನು ಎತ್ತಿಕೊಂಡೆ. ಯಾರಿಗೆಂದು ಎತ್ತಿಟ್ಟಿದ್ದೇನೆಂದು ಗೊತ್ತಾದದ್ದು ಆಗ. ರೈಲು ಹತ್ತಿ, ಕಿಟಕಿಯ ಪಕ್ಕ ಕೂತು, ನಮ್ಮ ಯಜಮಾನರ ಪಾಲನ್ನೂ ನಾನೇ ತಿಂದೆ.