ಡಯಾಪರ್ ಬುಟ್ಟಿಯ ಪುಡಿ

ಪುಣೆಯ ಧನಕವಡಿಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಧಾರವಾಡದವರು ಡಯಾಪರ್ ವಾಸನೆಗೆ ಮನೆಯಲ್ಲೇ ಪುಡಿ ತಯಾರಿಸುತ್ತಿದ್ದರು. ಒಣಗಿಸಿದ ಲಿಂಬೆಸಿಪ್ಪೆಯನ್ನು ಪುಡಿ ಮಾಡಿ, ಅಡುಗೆ ಸೋಡಾದಲ್ಲಿ ಬೆರೆಸಿ, ತೊಟ್ಟಿಲ ಪಕ್ಕದ ಬುಟ್ಟಿಯ ತಳಕ್ಕೆ ಉದುರಿಸುತ್ತಿದ್ದರು. ತೊಟ್ಟಿಲಲ್ಲಿ ಮಗು ಇರಲಿಲ್ಲ. ದತ್ತು ಪಡೆಯಲು ಅರ್ಜಿ ಹಾಕಿ ಗಂಡ ಹೆಂಡತಿ ವರ್ಷಗಳಿಂದ ಕಾಯುತ್ತಿದ್ದರು. ಹಳೆಯ ಪುಡಿಯ ಘಮ ಕಡಿಮೆಯಾಯಿತೆಂದು ಆಗಾಗ ಅದನ್ನು ಚೆಲ್ಲಿ ಹೊಸದು ಹಾಕುತ್ತಿದ್ದರು.

"ತಯಾರಿ ಇರಬೇಕ್ರಿ," ಎನ್ನುತ್ತ ಗಂಡ ಬುಟ್ಟಿಯೊಳಗೆ ಬಗ್ಗಿ ಮೂಸುತ್ತಿದ್ದರು. ಮೂಸಿದ ಮೇಲೆ ತೃಪ್ತಿಯಿಂದ ತಲೆಯಾಡಿಸುತ್ತಿದ್ದರು.

ಕೊನೆಗೂ ಒಂದು ಭಾನುವಾರ ಹೆಣ್ಣುಮಗು ಬಂತು. ನಾವು ಪೇಢೆ ಹಿಡಿದು ನೋಡಲು ಹೋದೆವು. ಎಲ್ಲರೂ ಮಾತಾಡುತ್ತಿದ್ದಾಗಲೇ ಮಗು ತನ್ನ ಕೆಲಸ ಮುಗಿಸಿತು. ಹೆಂಡತಿ ಡಯಾಪರ್ ಬದಲಿಸಿ, ಹಳೆಯದನ್ನು ಬುಟ್ಟಿಗೆ ಹಾಕಿ, "ಆ ಪುಡಿ ಇನ್ನಷ್ಟು ಕೊಡ್ರಿ, ಭಾಳ ನಾತ ಹೊಡೀಲಿಕತ್ತದ," ಎಂದರು.

ಗಂಡ ಪುಡಿಯ ಡಬ್ಬಿಯನ್ನು ಕೊಡಲಿಲ್ಲ. "ತಡಿ, ಈ ನಾತ ಸ್ವಲ್ಪ ಹೊತ್ತು ಇರ್ಲಿ," ಎಂದು ಮಗುವನ್ನು ಎದೆಗವಚಿಕೊಂಡು ಕುಳಿತರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಕಿಟಕಿ ಮುಚ್ಚಿದ್ದರಿಂದ ನಮ್ಮ ಕಣ್ಣಲ್ಲೂ ಬಂತು.