ಕೊಳಗದಲ್ಲಿ ಕೆಮ್ಮದ ಮೋಟರು

ಭಾರ ಹೊತ್ತು ವೇಗವಾಗಿ ಸಾಗುವಾಗಲಲ್ಲದೆ ಯಾವ ಜೀವದ ನಿಜವಾದ ದೌರ್ಬಲ್ಯವೂ ಪ್ರಕಟವಾಗುವುದಿಲ್ಲ. ಈ ಮಹಾಸತ್ಯ ನನಗೆ ಧ್ಯಾನದಿಂದಲೋ ಗ್ರಂಥಾವಲೋಕನದಿಂದಲೋ ದಕ್ಕಿತೆಂದು ತಾವು ಭಾವಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ದಕ್ಕಿದ್ದು ನಮ್ಮ ಹೋಟೆಲಿನ ಹಳೆಯ ಸಾಂಬಾರಿನ ಕೊಳಗದಲ್ಲಿ ಮೀನುದೋಣಿಯ ಮೋಟರೊಂದನ್ನು ಅದ್ದಿ ನೋಡಿದ್ದರಿಂದ.

ಮದ್ರಾಸಿನ ತ್ರಿಪ್ಲಿಕೇನಿನಲ್ಲಿ ಇಡ್ಲಿ ಬೇಯಿಸುತ್ತ ಮೂವತ್ತೈದು ವರ್ಷ ಕಳೆದ ನನಗೂ ಸಮುದ್ರಕ್ಕೂ ಇರುವ ಸಂಬಂಧ ಬಹಳ ಗೌರವದ್ದು, ಅಂದರೆ ದೂರದ್ದು. ಬೆಳಿಗ್ಗೆ ಮರೀನಾದ ತನಕ ನಡೆದು, ಅಲೆ ಚಪ್ಪಲಿಗೆ ತಾಗದಷ್ಟು ಅಂತರ ಕಾಯ್ದುಕೊಂಡು, ಹಿಂದಿರುಗುವವನು ನಾನು. ಉಡುಪಿ ಕಡೆಯವರಿಗೆ ಈಜು ಹುಟ್ಟಿನಿಂದಲೇ ಬಂದಿರುತ್ತದೆಂಬುದು ಇಲ್ಲಿಯವರ ನಂಬಿಕೆ. ಆ ನಂಬಿಕೆಯನ್ನು ನಾನು ಎಂದೂ ನೀರಿಗಿಳಿಸದೆ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದೆ.

ಅದಕ್ಕೆ ಸಂಚಕಾರ ತಂದವನು ಏಳುಮಲೈ. ಕಡಲಂಚಿನ ಕುಪ್ಪದ, ಅಂದರೆ ಬೆಸ್ತರ ಕೇರಿಯ, ಮೀನುಗಾರ. ದೋಣಿ ದಡ ಸೇರಿದ ಮೇಲೆ ದಿನವೂ ನಮ್ಮಲ್ಲಿ ಒಂದು ಲೋಟ ಕಾಫಿ ಕುಡಿದು ಹೋಗುವವನು. ಒಂದು ಶನಿವಾರ ಅವನ ಕಾಫಿ ಆರಿ ಕೆನೆಗಟ್ಟಿತು.

“ಸಾಮಿ, ಸೋಮವಾರದಿಂದ ಮಚ್ಚಾನ್ ಬೋಟಿಗೆ ನಾನು ಆಳು,” ಎಂದ. ಮಚ್ಚಾನ್ ಎಂದರೆ ಅವನ ಹೆಂಡತಿ ಕಸ್ತೂರಿಯ ಅಣ್ಣ.

ಸಂಗತಿ ಇಷ್ಟು. ಇಪ್ಪತ್ತು ವರ್ಷದ ಅವನ ಹಳೆಯ ಮೋಟರು ನಿಧಾನವಾಗಿ ಹೋದರೆ ಪರಮ ಸಾಧು. ವೇಗ ಪೂರ್ತಿ ಕೊಟ್ಟೊಡನೆ ಕೆಮ್ಮು. ಕೆಮ್ಮುವ ದೋಣಿ ದಡಕ್ಕೆ ಕೊನೆಯದಾಗಿ ಬರುತ್ತದೆ. ಅಷ್ಟರಲ್ಲಿ ಕೊಳ್ಳುವವರು ಬುಟ್ಟಿ ತುಂಬಿಕೊಂಡು ಹೊರಟಿರುತ್ತಾರೆ. ಮೆಕ್ಯಾನಿಕ್ಕು ಪ್ಲಗ್ಗು ಬದಲಿಸಿ, ಕಾರ್ಬುರೇಟರ್ ತೊಳೆದು, ಕಡೆಗೆ ಇದಕ್ಕೆ ವಯಸ್ಸಾಯಿತೆಂದು ಕೈ ತೊಳೆದುಕೊಂಡಿದ್ದ. ಭಾನುವಾರದೊಳಗೆ ಸರಿಹೋಗದಿದ್ದರೆ ಸ್ವಂತ ದೋಣಿಯನ್ನು ಮರಳಿನ ಮೇಲೆ ಬೋರಲು ಹಾಕಿ, ಏಳುಮಲೈ ಭಾವನ ಬಲೆ ಎಳೆಯಬೇಕು. ಹಾಗೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ವಯಸ್ಸಾಯಿತೆಂಬ ರೋಗನಿರ್ಣಯ ಕೇಳಿದರೆ ನನಗೆ ವೈಯಕ್ತಿಕವಾಗಿ ಸಿಟ್ಟು ಬರುತ್ತದೆ. ಅಲ್ಲದೆ, ಹಿಟ್ಟು ರುಬ್ಬುವ ಮೋಟರುಗಳನ್ನು ಇಷ್ಟು ವರ್ಷ ಬೈದು ಓಡಿಸಿದವನಿಗೆ ಸಮಸ್ತ ಮೋಟರುಗಳ ಮೇಲೂ ಒಂದು ಅಧಿಕಾರ ತಾನಾಗಿ ಬಂದಿರುತ್ತದೆ. ನನ್ನ ಸಿದ್ಧಾಂತ ಸಿದ್ಧವಿತ್ತು: ಸಿಲಿಂಡರಿನಲ್ಲಿ ಗ್ಯಾಸು ಮುಗಿಯುತ್ತ ಬಂದಾಗ ಒಲೆ ಸಣ್ಣ ಉರಿಯಲ್ಲಿ ಚೆನ್ನಾಗಿಯೇ ಉರಿದು, ದೊಡ್ಡದು ಮಾಡಿದೊಡನೆ ಪುಕಪುಕ ಎನ್ನುವುದಿಲ್ಲವೇ? ಹಾಗೆಯೇ ಇದಕ್ಕೆ ಎಣ್ಣೆ ಸಾಲುತ್ತಿಲ್ಲ. ಪರೀಕ್ಷೆಗೆಂದು ಅಟ್ಟದ ಮೇಲಿದ್ದ ಕೊಳಗವನ್ನು ಇಳಿಸಿಕೊಟ್ಟೆ. ನನ್ನ ಹೆಂಡತಿ ಸುಮತಿ ಬಾಗಿಲಲ್ಲಿ ನಿಂತು, “ಕೊಟ್ಟದ್ದು ಕೊಟ್ಟಿರಿ ಮಾರಾಯ್ರೆ, ಆ ಕೊಳಗ ಇನ್ನು ಒಳಗೆ ಬರ್ಲಿಕ್ಕಿಲ್ಲ,” ಎಂದು ತೀರ್ಪಿತ್ತಳು.

ಏಳುಮಲೈನ ಮನೆಯಂಗಳದಲ್ಲಿ ಹಲಗೆಗೆ ಕಟ್ಟಿ, ಕೊಳಗದ ನೀರಿಗೆ ಅದರ ಕಾಲು ಇಳಿಬಿಟ್ಟು ಚಾಲೂ ಮಾಡಿದರೆ ಮೋಟರು ಪಾಠಶಾಲೆಯ ಹುಡುಗನ ಹಾಗೆ ಒಂದೇ ಶ್ರುತಿಯಲ್ಲಿ ಓದಿತು. ವೇಗ ಹೆಚ್ಚಿಸೋಣವೆಂದರೆ ನೀರೆಲ್ಲ ನನ್ನ ಪಂಚೆಯ ಮೇಲೆ. ಮೀನು ಹೆಚ್ಚುತ್ತ ಕೂತಿದ್ದ ಕಸ್ತೂರಿ ತಲೆಯೆತ್ತದೆ, “ಚೆನ್ನಾಗಿದೆ! ಕಾಫಿ ಹಾಕೋರು ಇಂಜಿನ್ ನೋಡ್ತಾರೆ, ಇಂಜಿನ್ ಇಟ್ಟುಕೊಂಡೋನು ಕಾಫಿ ಕುಡೀತಾನೆ,” ಎಂದಳು. ಅವಳ ತಮಿಳಿನಲ್ಲಿ ಇದು ಇನ್ನೂ ಖಾರವಾಗಿತ್ತು.

“ಇದರ ಕಾಯಿಲೆ ಕಡಲಲ್ಲೇ ಗೊತ್ತಾಗೋದು, ಸಾಮಿ. ಬನ್ನಿ, ಹತ್ತಿ,” ಎಂದ ಏಳುಮಲೈ.

ಹೀಗೆ ನಾನು ಭಾನುವಾರ ಮಧ್ಯಾಹ್ನ ಬಂಗಾಳ ಕೊಲ್ಲಿಯನ್ನು ಪ್ರವೇಶಿಸಿದೆ. ಎಣ್ಣೆಯ ಪೈಪಿನ ನಡುವೆ ರಬ್ಬರಿನದೊಂದು ಉಂಡೆಯಿರುತ್ತದೆ. ಅದನ್ನು ಹಿಸುಕಿದರೆ ಎಣ್ಣೆ ಮುಂದಕ್ಕೆ ನುಗ್ಗುತ್ತದೆ. ಮೋಟರು ಕೆಮ್ಮಿದಾಗ ಹಿಸುಕುವುದು, ಕೆಮ್ಮು ನಿಂತರೆ ನನ್ನ ಸಿದ್ಧಾಂತ ಗೆದ್ದಂತೆ. ಏಳುಮಲೈ ವೇಗ ಪೂರ್ತಿ ಕೊಟ್ಟ. ಮೋಟರು ಕೆಮ್ಮಿತು. ನಾನು ಹಿಸುಕಿದೆ. ಅದು ಕೆಮ್ಮಿತು. ಇನ್ನೂ ಹಿಸುಕಿದೆ, ಇನ್ನೂ ಕೆಮ್ಮಿತು. ಸಿದ್ಧಾಂತವು ದಡದಿಂದ ಅರ್ಧ ಮೈಲಿ ದೂರದಲ್ಲಿ ಜಲಸಮಾಧಿಯಾಯಿತು.

ಆಗೊಂದು ಅಲೆ ಬಂತು. ಏಳುಮಲೈ ಅದನ್ನು ಅಲೆಯೆಂದು ಗಣಿಸಲಿಲ್ಲ, ನಾನು ಗಣಿಸಿದೆ. ಉಂಡೆ ಬಿಟ್ಟು, ಕೈಗೆ ಸಿಕ್ಕಿದ್ದನ್ನು ಎರಡೂ ಕೈಯಿಂದ ಅಪ್ಪಿಕೊಂಡೆ. ಸಿಕ್ಕಿದ್ದು ಮೋಟರಿನ ಪಕ್ಕದಿಂದ ಹೊರಟಿದ್ದ ವೈರು. ಥಟ್ಟನೆ ಕೆಮ್ಮು ನಿಂತಿತು.

“ಸಾಮಿ! ಕೈ ತೆಗೀಬೇಡಿ!”

ತೆಗೆಯುವ ಯೋಚನೆ ನನಗೆ ಲವಲೇಶವೂ ಇರಲಿಲ್ಲ.

“ಈಗ ತೆಗೀರಿ.”

“ಆಗೋದಿಲ್ಲ.”

“ಒಂದೇ ಒಂದು ಸಲ, ಸಾಮಿ. ನಾನಿದ್ದೀನಲ್ಲ.”

ತೆಗೆದೆ, ಕೆಮ್ಮಿತು. ಹಿಡಿದೆ, ನಿಂತಿತು. ಏಳುಮಲೈ ಮೋಟರು ಆರಿಸಿ ಮುಚ್ಚಳ ತೆರೆದ. ನಾನು ಹಿಡಿದದ್ದು ಮೋಟರನ್ನು ನಿಲ್ಲಿಸುವ ಗುಂಡಿಯ ವೈರು. ಆ ಗುಂಡಿ ಒತ್ತಿದರೆ ವೈರು ಲೋಹಕ್ಕೆ ತಗುಲಿ ಕಿಡಿ ಸತ್ತು ಮೋಟರು ನಿಲ್ಲುತ್ತದೆ. ಒಂದು ಕಡೆ ಅದರ ಸಿಪ್ಪೆ ಸವೆದಿತ್ತು. ವೇಗ ಹೆಚ್ಚಿ ಮೈ ನಡುಗಿದಾಗಲೆಲ್ಲ ತಾಮ್ರ ಲೋಹವನ್ನು ಮುಟ್ಟಿ, ಯಾರೂ ಕೇಳದಿದ್ದರೂ ನಿಲ್ಲು ನಿಲ್ಲು ಎನ್ನುತ್ತಿತ್ತು. ಮೋಟರಿಗೆ ಏನೂ ಆಗಿರಲಿಲ್ಲ. ಹೋಟೆಲನ್ನು ಮಗಳಿಗೆ ಒಪ್ಪಿಸಿದ ಮೇಲೂ ಮಧ್ಯಾಹ್ನದ ನೂಕುನುಗ್ಗಲಿಗೆ ಸರಿಯಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಹೇಳುವುದೂ ಹೆಚ್ಚು ಕಡಿಮೆ ಇದನ್ನೇ. ಈ ಹೋಲಿಕೆಯನ್ನು ತಾವು ಮುಂದುವರಿಸಬೇಕಾಗಿಲ್ಲ. ಮನೆಯಲ್ಲಿ ಸುಮತಿ ಆಗಲೇ ಮುಗಿಸಿದ್ದಾಳೆ.

ಖಾತ್ರಿಗೆಂದು ಏಳುಮಲೈ ಆ ವೈರನ್ನು ಕಳಚಿಯೇ ಬಿಟ್ಟು ಪೂರ್ತಿ ವೇಗದಲ್ಲಿ ದಡಕ್ಕೆ ತಿರುಗಿಸಿದ. ಮೋಟರು ಹಾಡಿತು. ಅವನೂ ಏನನ್ನೋ ಹಾಡುತ್ತಿದ್ದ; ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡಿದ್ದ. ಮರಳು ಎದುರಿಗೆ ಬೆಳೆಯುತ್ತ ಬಂದಾಗ ನಾನು, “ನಿಲ್ಲಿಸುವುದು ಹೇಗೆ?” ಎಂದು ಕೇಳಿದೆ.

“ಎಣ್ಣೆ ಪೈಪು ಕಿತ್ತರೆ ತಾನೇ ನಿಲ್ಲುತ್ತೆ, ಸಾಮಿ,” ಎಂದು ಕಿತ್ತ. ಒಳಗಿದ್ದ ಎಣ್ಣೆ ಮುಗಿಯಲು ನಿಮಿಷ ಹಿಡಿಯಿತು. ಅಷ್ಟರಲ್ಲಿ ನಾವು ಕಡಲಿನಲ್ಲಿರಲಿಲ್ಲ.

ಕಸ್ತೂರಿ ಬಂದು, ಮರಳಲ್ಲಿ ಕೂತಿದ್ದ ನನ್ನನ್ನೂ ಗಂಡನ ಮುಖವನ್ನೂ ನೋಡಿ, ಏನೂ ಕೇಳದೆ ಅಣ್ಣನಿಗೆ ಫೋನು ಮಾಡಿದಳು. “ನಾಳೆ ಬೇರೆ ಆಳು ನೋಡಿಕೋ,” ಎಂದಳು.

ಸಂಜೆ ಹೊಸ ವೈರು ಹಾಕಲಾಯಿತು. ಸೋಮವಾರ ಏಳುಮಲೈನ ದೋಣಿ ದಡಕ್ಕೆ ಮೂರನೆಯದಾಗಿ ಬಂತು.