ಎರಡು ಬೆರಳು ಬಿರುಗಾಳಿ ನೀರು

ಬಿರುಗಾಳಿ ಬರುತ್ತದೆ ಎಂದರೆ ಕತಾಂದುವಾನೆಸ್ ದ್ವೀಪದಲ್ಲಿ ಎಲ್ಲರೂ ಸೂರಿಗೆ ಹಗ್ಗ ಬಿಗಿಯುತ್ತಾರೆ. ಪೆಲಾಗಿಯಾ ಬಾಟ್ಲಿ ಜೋಡಿಸುತ್ತಾಳೆ. ಅಬಕಾ ಗಿಡದ ನಾರು ಸುಲಿಯುತ್ತಲೇ ಐವತ್ತು ದಾಟಿದ ಹೆಂಗಸು. ಇಷ್ಟು ವರ್ಷ ಬಿರುಗಾಳಿಯೇ ಅವಳಿಂದ ಕಿತ್ತುಕೊಂಡಿತ್ತು. ಈಗ ಅವಳೂ ಅದರಿಂದ ಒಂದಿಷ್ಟು ಕಿತ್ತುಕೊಳ್ಳುತ್ತಾಳೆ. ಆ ಖುಷಿಯೇ ಬೇರೆ.

ಬಾಟ್ಲಿಯಲ್ಲಿ ಮಳೆನೀರು ಹಿಡಿಯುವ ಈ ಕೆಲಸ ಕಲಿಸಿದವಳು ಮನಿಲಾದ ಸಂಶೋಧಕಿ ಲುನಿಂಗ್. ನೀರಿನಲ್ಲೂ ತುಸು ಭಾರದ್ದು, ತುಸು ಹಗುರದ್ದು ಇರುತ್ತದಂತೆ. ಬಿರುಗಾಳಿ ಸುರಿಯುತ್ತ ಸುರಿಯುತ್ತ ಭಾರದ್ದು ಮೊದಲೇ ಉದುರಿ, ಹಗುರದ್ದು ಉಳಿಯುತ್ತದೆ. ಗಂಟೆಗೊಂದು ಬಾಟ್ಲಿ ಮಳೆ ಹಿಡಿದರೆ ಆ ಗುರುತು ಸಿಗುತ್ತದೆ. ಮಳೆನೀರು ತೊಟ್ಟಿಕ್ಕಿ ಬೆಳೆದ ಗುಹೆಯ ಕಲ್ಲಿನಲ್ಲಿ ಅದೇ ಗುರುತು ಹುಡುಕಿ ಮುತ್ತಜ್ಜಂದಿರ ಕಾಲದ ಬಿರುಗಾಳಿಗಳನ್ನೂ ಪತ್ತೆಹಚ್ಚಬಹುದು.

ಕಳೆದ ವರ್ಷ ಪೆಲಾಗಿಯಾ ಎಡವಟ್ಟು ಮಾಡಿಕೊಂಡಳು. ಅರೆಬರೆ ತುಂಬಿದ ಪಾತ್ರೆಯನ್ನು ಇನ್ನೊಬ್ಬರ ಕೈಗಿಡುವುದು ಅವರ ಮನೆತನದಲ್ಲೇ ಇಲ್ಲ. ಕಡಿಮೆಯಿದ್ದ ಬಾಟ್ಲಿಗಳಿಗೆಲ್ಲ ಧಾರಾಳವಾಗಿ ಬಾವಿನೀರು ಸುರಿದು ಕಳಿಸಿದ್ದಳು.

"ಅಕ್ಕಾ, ಈ ಬಾಟ್ಲಿ ನಂಬಿದ್ರೆ ಬಿರುಗಾಳಿ ನಟ್ಟನಡುವೆ ನಿಮ್ಮ ಬಾವಿ ಇತ್ತು," ಎಂದು ಲುನಿಂಗ್ ನಕ್ಕಿದ್ದಳು. ಆಮೇಲೆ ನಗು ನಿಲ್ಲಿಸಿ, "ಇನ್ನೊಂದ್ಸಲ ಹಿಂಗಾದ್ರೆ ಈ ಕೆಲ್ಸ ಪಕ್ಕದೂರಿಗೆ ಕೊಡ್ಬೇಕಾಗತ್ತೆ," ಎಂದಳು. ಪೆಲಾಗಿಯಾಗೆ ಎರಡು ದಿನ ಊಟ ಸೇರಲಿಲ್ಲ.

ಈ ಸಲದ ಬಿರುಗಾಳಿ ಹಗಲಲ್ಲೇ ನೇರ ಊರಿಗೇ ನುಗ್ಗಿತು. ಗಂಡ ಮೆಲ್ಚೋರ್ ಅವಳ ಸೊಂಟಕ್ಕೆ ಹಗ್ಗ ಕಟ್ಟಿ, ಬಾಗಿಲಲ್ಲಿ ಹಿಡಿದು ನಿಂತ. ಅವಳು ಅಂಗಳದ ಕಂಬಕ್ಕೆ ಬಿಗಿದ ಆಲಿಕೆಯ ತನಕ ತೆವಳಿ, ಬಾಟ್ಲಿ ಬದಲಿಸಿ, ಕೇಕೆ ಹಾಕುತ್ತ ಹಿಂದಿರುಗುತ್ತಿದ್ದಳು.

"ನಿಂಗೆ ಹುಚ್ಚು ಕಣೇ," ಎಂದ ಮೆಲ್ಚೋರ್.

"ಗಟ್ಟಿಯಾಗಿ ಹಿಡ್ಕೊ. ಹುಚ್ಚಿ ಹಾರ್ಹೋದ್ರೆ ನಿಂಗೆ ಅನ್ನ ಬೇಯಿಸೋರ್ಯಾರು?"

ಇದ್ದಕ್ಕಿದ್ದಂತೆ ಗಾಳಿ ನಿಂತು ಬಿಸಿಲು ಬಂತು. ಬಿರುಗಾಳಿಯ ನಟ್ಟನಡುವಿನ ಕಣ್ಣು ಅವರ ನೆತ್ತಿಯ ಮೇಲಿತ್ತು. ಆ ಹೊತ್ತಿನ ಬಾಟ್ಲಿಯ ತಳದಲ್ಲಿ ಎರಡೇ ಬೆರಳು ನೀರು.

"ಇದನ್ನ ಯಾವ ಮುಖ ಇಟ್ಕೊಂಡು ಕೊಡ್ತೀಯ? ಒಂದ್ ಲೋಟ ಸೇರ್ಸು," ಎಂದ ಮೆಲ್ಚೋರ್.

ಅವಳ ಕೈ ಆಗಲೇ ಕೊಡದತ್ತ ಹೋಗಿತ್ತು. ಥಟ್ಟನೆ ಹಿಂದಕ್ಕೆಳೆದು ಮುಚ್ಚಳ ಬಿಗಿದಳು. "ಮಾನ ಹೋದ್ರೆ ಹೋಗ್ಲಿ. ಬಿರುಗಾಳಿ ಕೊಟ್ಟಿದ್ದೇ ಇಷ್ಟು."

ಕೆಲವು ವಾರಗಳ ನಂತರ ಲುನಿಂಗ್ ಫೋನ್ ಮಾಡಿದಳು. ಮಾತು ಒಂದರ ಮೇಲೊಂದು ಬೀಳುತ್ತಿತ್ತು. "ಅಕ್ಕಾ, ಆ ಚೂರು ನೀರಿತ್ತಲ್ಲ, ಅಷ್ಟು ಹಗುರದ್ದು ನಾವ್ಯಾರೂ ಈವರ್ಗೂ ನೋಡೇ ಇಲ್ಲ. ಕೆಲ್ಸ ಎಲ್ಲೂ ಹೋಗಲ್ಲ, ನಿಮ್ದೇ."

ಪೆಲಾಗಿಯಾಗೆ ಕುಣಿಯಬೇಕೆನಿಸಿತು. ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದಳು:

"ತುಂಬಿಸಿ ಕೊಡ್ಲಿಲ್ಲ ಅಂತ ಬೇಜಾರಿಲ್ಲ ತಾನೆ?"